ಹೊಂದಾಣಿಕೆಯಾಗದ ಹತ್ತೊಂಬತ್ತು ಮಂದಿ

ಕುರ್ಚಿ ಮತ್ತೆ ಎಡಕ್ಕೆ ವಾಲಿತು. ಮೂರು ತಿಂಗಳಿಂದ ವಾಲುತ್ತಿರುವ ಕುರ್ಚಿ. ಮೂರು ಸಲ ಅರ್ಜಿ ಕೊಟ್ಟಾಗಿದೆ. ಮೂರನೆಯದನ್ನು ‘ಕುರ್ಚಿಯ ಸಂಖ್ಯೆ ನಮೂದಿಸಿ’ ಎಂಬ ಷರಾ ಬರೆದು ವಾಪಸು ಕಳಿಸಿದ್ದರು. ಕುರ್ಚಿಯ ಸಂಖ್ಯೆ ಇರುವುದು ಕುರ್ಚಿಯ ಅಡಿಯಲ್ಲಿ; ಅದನ್ನು ಓದಬೇಕೆಂದರೆ ನಲವತ್ತೊಂದನೆಯ ವಯಸ್ಸಿನಲ್ಲಿ, ಇಡೀ ವಿಭಾಗದ ಎದುರು, ನೆಲದ ಮೇಲೆ ಅಂಗಾತ ಮಲಗಬೇಕು. ಅಷ್ಟು ವಿದ್ಯೆ ತನಗೆ ಬೇಡವೆಂದು ಅವಳು ಎಡಗಾಲನ್ನು ನೆಲಕ್ಕೆ ಊರಿ, ದೇಹದ ಭಾರವನ್ನೆಲ್ಲ ಬಲಕ್ಕೆ ಹಾಕಿ ಕೂತು, ಬೆಳಿಗ್ಗೆ ಮೇಡಂ ಕಳಿಸಿದ್ದ ಸಾಲನ್ನು ನಾಲ್ಕನೆಯ ಸಲ ಓದಿದಳು. ‘ಹೊರಗಿಟ್ಟವರು ಹತ್ತೊಂಬತ್ತು. ಕಾರಣ? ಒಂದು ವಾಕ್ಯ ಸಾಕು. ಮೂರು ಗಂಟೆಯೊಳಗೆ.’ ಒಂದು ವಾಕ್ಯ. ಎರಡು ವರ್ಷದ ಅಧ್ಯಯನದ ಕೊನೆಯ ಕೋಷ್ಟಕದ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಯಾರೂ ಓದದ ಜಾಗದಲ್ಲಿ ಬರಬೇಕಾದ ವಾಕ್ಯ. ಅದನ್ನು ಬರೆಯಲು ಅವಳಿಗೆ ಹತ್ತು ಗಂಟೆಯಿಂದ ಕೈ ಬರುತ್ತಿಲ್ಲ. ಇದೇನು ದೊಡ್ಡ ಘನಂದಾರಿ ಕೆಲಸವೇ ಎಂದು ತನ್ನನ್ನೇ ಬೈದುಕೊಂಡು ಬರೆದಳು: ‘ಲಿಂಗ ಗುರುತಿನ ಪ್ರಶ್ನೆಗೆ ಎರಡು ಸುತ್ತುಗಳಲ್ಲಿ ಬೇರೆ ಬೇರೆ ಉತ್ತರ ಕೊಟ್ಟದ್ದರಿಂದ.’ ಬರೆದು ಓದಿದಳು. ಓದಿದವಳ ಕಾಲು ಸಡಿಲವಾಗಿ ಕುರ್ಚಿ ಧಡಕ್ಕನೆ ವಾಲಿತು. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು.

ಈ ವಿಭಾಗದಲ್ಲಿ ನಡೆಯುತ್ತಿದ್ದದ್ದು ಲಿಂಗ ಗುರುತು ಮತ್ತು ಲೈಂಗಿಕ ಅಲ್ಪಸಂಖ್ಯಾತರ ಯೋಗಕ್ಷೇಮದ ಅಧ್ಯಯನ. ಪೇಟೆಯ ಆಪ್ತಸಮಾಲೋಚನಾ ಕೇಂದ್ರಕ್ಕೆ ಬರುವ ನಾನೂರ ಹನ್ನೆರಡು ಮಂದಿಗೆ ಒಂದು ಪ್ರಶ್ನಾವಳಿ ಕೊಟ್ಟು, ವರ್ಷ ಕಳೆದ ಮೇಲೆ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟು, ನಡುವೆ ಅವರ ಬದುಕು ಒಂದಿಷ್ಟಾದರೂ ಹಸನಾಗಿದೆಯೇ ಎಂದು ನೋಡುವುದು. ಹಾಳೆಯ ಮೇಲೆ ಹೆಸರು ಬರೆಯುವಂತಿಲ್ಲ. ಎರಡು ಹಾಳೆಗಳನ್ನು ಜೋಡಿಸಲು ಒಂದು ಸಂಕೇತ ಮಾತ್ರ. ಜೋಡಿಯಾದ ಮೇಲೆ ತಪ್ಪು ಜೋಡಣೆಗಳನ್ನು ಸೋಸಲು ಒಂದು ನಿಯಮ: ಹುಟ್ಟಿದ ವರ್ಷ, ಲಿಂಗ, ತಾಯಿನುಡಿ, ಈ ಮೂರರಲ್ಲಿ ಯಾವುದಾದರೊಂದು ಎರಡು ಸುತ್ತುಗಳಲ್ಲಿ ಬೇರೆಯಾಗಿದ್ದರೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂದು ತಿಳಿದು ಎರಡೂ ಹಾಳೆಗಳನ್ನು ಕೈಬಿಡತಕ್ಕದ್ದು. ‘ತಕ್ಕದ್ದು’ ಎಂದು ಬರೆದವಳು ಅವಳೇ. ಹಿಂದೆ ಹಲ್ಲುಹುಳುಕಿನ ಅಧ್ಯಯನವೊಂದರಲ್ಲಿ ಬರೆದಿದ್ದ ನಿಯಮವದು. ಚೆನ್ನಾಗಿ ಕೆಲಸ ಮಾಡಿತ್ತು. ಅದನ್ನು ಎತ್ತಿ ಇಲ್ಲಿ ಅಂಟಿಸಿದ್ದಳು. ಮೇಡಂ ಓದಿದ್ದರು, ಸಮಿತಿಯ ಏಳು ಜನ ಓದಿದ್ದರು, ಅಲ್ಪವಿರಾಮವೊಂದನ್ನು ತಿದ್ದಿದ್ದರು. ಲಿಂಗ ಗುರುತಿನ ಬಗ್ಗೆ ಅಧ್ಯಯನ ಮಾಡುವ ಒಂಬತ್ತು ಜನ ಓದುಬರಹ ಬಲ್ಲವರಿಗೆ, ಯಾರ ಉತ್ತರ ಬದಲಾಗಿದೆಯೋ ಅವರನ್ನು ನೋಡುವುದಕ್ಕೇ ತಾನೇ ನಾವು ಕೂತಿರುವುದು ಎಂದು ಹೊಳೆದಿರಲಿಲ್ಲ. ನಗು ಬರಬೇಕಾದ ಸಂಗತಿ. ಅವಳಿಗೆ ಮೈಯೆಲ್ಲ ಉರಿಯಿತು.

ಸೋಸಿಹೋದವರ ಪಟ್ಟಿ ತೆರೆದಳು. ಹತ್ತೊಂಬತ್ತು ಸಂಕೇತಗಳು ಒಂದರ ಕೆಳಗೊಂದು. ಹನ್ನೊಂದನೆಯದು ಶ-17-1-ಎ. ಅಮ್ಮನ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖು, ತನಗಿಂತ ಮೊದಲು ಹುಟ್ಟಿದವರ ಸಂಖ್ಯೆ, ಬರೆಯುವ ಕೈ. ಕೊನೆಯದನ್ನು ಸೇರಿಸಲು ಹೇಳಿದ್ದು ಗುಂಡು. ಗುಂಡು ಎಂದರೆ ಅವಳ ಬೆನ್ನಿಗೆ ಬಿದ್ದದ್ದು. ಹನ್ನೆರಡು ವರ್ಷ ಬಿಟ್ಟು, ಅಮ್ಮ ಆಸೆ ಬಿಟ್ಟ ಮೇಲೆ ಹುಟ್ಟಿದ್ದು. ಮನೆಯಲ್ಲಿ ಎಲ್ಲರೂ ಗುಂಡುವನ್ನು ‘ಅದು’ ಎಂದೇ ಮುದ್ದಿನಿಂದ ಕರೆದು ರೂಢಿ, ಅದು ಊಟ ಮಾಡ್ತಾ, ಅದಕ್ಕೆ ಜ್ವರ ಬಿಡ್ತಾ ಎಂದು. ಈಚೆಗೆ ಆ ಮುದ್ದು ಅವಳಿಗೆ ಅನುಕೂಲವೂ ಆಗಿಬಿಟ್ಟಿತ್ತು, ಅವಳು ಅನ್ನಬೇಕೋ ಅವನು ಅನ್ನಬೇಕೋ ಎಂಬ ಗೋಜಿಲ್ಲ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಅವಳು ಸಂಕೇತ ಕಟ್ಟುತ್ತಿದ್ದಾಗ ಗುಂಡು ಎದುರು ಕೂತು ಎಡಗೈಯಲ್ಲಿ ಉಣ್ಣುತ್ತ, “ಯಾವ ಕೈಲಿ ಬರೀತಾರೆ ಅಂತ ಕೇಳು ಅಕ್ಕ, ಎಡಚರು ಬೇಗ ಸಿಕ್ಕಿಹಾಕ್ಕೊಳ್ತಾರೆ” ಎಂದಿತ್ತು. “ಸಿಕ್ಕಿಹಾಕ್ಕೊಳ್ಳೋದಲ್ಲ, ಅವರು ಯಾರು ಅಂತ ಯಾರಿಗೂ ಗೊತ್ತಾಗ್ಬಾರ್ದು” ಎಂದಿದ್ದಳು ಅವಳು. “ಹಾಗಾದ್ರೆ ಕೊನೇ ಪ್ರಶ್ನೆ ಯಾಕೆ, ಇನ್ನೇನಾದರೂ ಹೇಳುವುದಿದ್ದರೆ ಅಂತ? ಯಾರು ಓದ್ತಾರೆ ಅದನ್ನ?” “ನಾನು ಓದ್ತೀನಿ. ಒಂದೊಂದನ್ನೂ.” ಎಷ್ಟು ಜಂಬದಿಂದ ಹೇಳಿದ್ದಳು. ಈಗ ಕುರ್ಚಿಯಲ್ಲಿ ಒಂದು ಕಾಲಿನ ಮೇಲೆ ಸಮತೋಲ ಮಾಡುತ್ತ, ಶ ಅಕ್ಷರದ ಅಮ್ಮಂದಿರು ಊರ ತುಂಬ ಇದ್ದಾರೆ, ಹದಿನೇಳನೇ ತಾರೀಖು ತಿಂಗಳಿಗೊಮ್ಮೆ ಬರುತ್ತದೆ, ಎಡಚರು ಹತ್ತಕ್ಕೊಬ್ಬರು ಎಂದು ಅವಳು ಗುಣಿಸತೊಡಗಿದಳು. ಗುಣಾಕಾರ ಅವಳ ಕಡೆಗೆ ಬರಲಿಲ್ಲ.

ಗಣಕಯಂತ್ರದಲ್ಲಿ ಇದ್ದದ್ದು ಬರೀ ಅಂಕಿಗಳು. ಕೊನೆಯ ಪ್ರಶ್ನೆಯ ಉತ್ತರಗಳನ್ನು ಟೈಪು ಮಾಡಿಸಿದ್ದು ಉಳಿದುಕೊಂಡವರದು ಮಾತ್ರ. ಕೈಬಿಟ್ಟವರ ಹಾಳೆಗಳು ಕಕ್ಕಸಿನಲ್ಲಿದ್ದವು. ಇದನ್ನು ಯಾರಿಗಾದರೂ ಹೇಳಿದರೆ ತಮಾಷೆ ಎಂದುಕೊಳ್ಳುತ್ತಾರೆ. ಕಾರಿಡಾರಿನ ತುದಿಯಲ್ಲಿ ಗಂಡಸರದು, ಹೆಂಗಸರದು ಬಿಟ್ಟು ಮೂರನೆಯದೊಂದು ಇದೆ, ಬಾಗಿಲ ಮೇಲೆ ‘ಎಲ್ಲರಿಗೂ’ ಎಂಬ ಫಲಕ. ಆ ಫಲಕದ ಮೇಲೆ ಯಾವ ಚಿತ್ರ ಹಾಕಬೇಕೆಂದು ನಾಲ್ಕು ಸಭೆಗಳಾಗಿದ್ದವು. ಐದನೆಯ ಸಭೆಯಲ್ಲಿ ಚಿತ್ರವೇ ಬೇಡವೆಂದು ತೀರ್ಮಾನವಾಗುವಷ್ಟರಲ್ಲಿ ವಿಭಾಗದಲ್ಲಿ ಜಾಗ ಸಾಲದೆ, ಪ್ರಶ್ನಾವಳಿಯ ಕಟ್ಟುಗಳನ್ನು ಒಳಗೆ ಪೇರಿಸಿ ಬೀಗ ಹಾಕಿದ್ದರು. ಬೀಗದ ಕೈ ಅವಳ ಡ್ರಾಯರಿನಲ್ಲಿ. ಹೋಗಿ ತೆಗೆದಳು. ಒದ್ದೆ ಕಾಗದದ ವಾಸನೆ. ಮುಚ್ಚಳ ಮುಚ್ಚಿದ ಕಮೋಡಿನ ಮೇಲೆ, ಸಿಂಕಿನೊಳಗೆ, ಕಿಟಕಿಯ ಕಟ್ಟೆಯ ಮೇಲೆ ಜನರ ಯೋಗಕ್ಷೇಮ ಸೆಣಬಿನ ದಾರದಲ್ಲಿ ಕಟ್ಟಿಸಿಕೊಂಡು ಕೂತಿತ್ತು. ‘ಹೊಂ. ಆಗದವು’ ಎಂದು ಅವಳದೇ ಕೈಬರಹದ ಚೀಟಿ ಅಂಟಿಸಿದ ಕಟ್ಟು ಸಿಂಕಿನಲ್ಲಿತ್ತು. ನಲ್ಲಿ ಯಾವ ಪುಣ್ಯಕ್ಕೋ ಸೋರುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು, ಕಮೋಡಿನ ಮೇಲಿದ್ದ ಕಟ್ಟನ್ನು ಕೆಳಗಿಳಿಸಿ, ಅಲ್ಲೇ ಕೂತು ಸಿಂಕಿನ ಕಟ್ಟಿನ ದಾರ ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಉಗುರು ಮುರಿಯಿತು, ಕೆಟ್ಟ ಮಾತೊಂದು ಬಾಯಿಂದ ಬಂತು.

ಶ-17-1-ಎ ಹಾಳೆಗಳನ್ನು ಹೊರಗೆಳೆದಾಗ, ಕೈಬರಹ ನೋಡುವ ಮೊದಲೇ ಗೊತ್ತಾಯಿತು. ಸಾಲಿನುದ್ದಕ್ಕೂ ಶಾಯಿ ಒರಸಿಹೋಗಿತ್ತು. ಎಡಗೈಯಲ್ಲಿ ಬರೆಯುವವರ ಅಂಗೈ ಬರೆದದ್ದರ ಮೇಲೆಯೇ ಜಾರುತ್ತ ಹೋಗುತ್ತದೆ. ಗುಂಡುವಿನ ಶಾಲೆಯ ಪುಸ್ತಕಗಳೆಲ್ಲ ಹೀಗೆಯೇ ಇದ್ದವು, ಅಂಗೈಯ ಅಂಚು ಯಾವಾಗಲೂ ನೀಲಿ, ಅದೇ ಕೈಯಲ್ಲಿ ಮುಖ ಒರಸಿಕೊಂಡು ಕೆನ್ನೆಯೂ ನೀಲಿ. ಮೊದಲ ಸುತ್ತಿನ ಹಾಳೆ: ಲಿಂಗ, ಹೆಣ್ಣು. ಇಪ್ಪತ್ಮೂರನೆಯ ಪ್ರಶ್ನೆ, ‘ಮನೆಯಲ್ಲಿ ನಿಮ್ಮ ಬಗ್ಗೆ ಮನಬಿಚ್ಚಿ ಹೇಳಿಕೊಳ್ಳಬಹುದಾದವರು ಎಷ್ಟು ಮಂದಿ?’ ಉತ್ತರ, ಒಬ್ಬರು. ಎರಡನೆಯ ಸುತ್ತಿನ ಹಾಳೆ: ಲಿಂಗ, ಗಂಡು. ಗುರುತು ಎಷ್ಟು ಒತ್ತಿ ಹಾಕಿತ್ತೆಂದರೆ ಹಾಳೆಯ ಹಿಂದೆ ಉಬ್ಬಿತ್ತು. ಇಪ್ಪತ್ಮೂರನೆಯ ಪ್ರಶ್ನೆಗೆ ಉತ್ತರ, ಸೊನ್ನೆ. ಅವಳು ಆ ಸೊನ್ನೆಯನ್ನು ಬೆರಳಿನಿಂದ ಮುಚ್ಚಿ, ಬೆರಳು ತೆಗೆದು ಮತ್ತೆ ನೋಡಿದಳು. ಎರಡು ಹಾಳೆಗಳ ನಡುವೆ ಒಂದು ವರ್ಷ, ಆ ವರ್ಷದಲ್ಲಿ ಒಂದು ಭಾನುವಾರ, ಆ ಭಾನುವಾರ ಅವಳು ಅಡುಗೆಮನೆಯಲ್ಲಿ ತಳ ಹಿಡಿದ ಕುಕ್ಕರನ್ನು ತಿಕ್ಕುತ್ತಿದ್ದಳು. ಗುಂಡು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಒರಗಿ ನಿಂತಿತ್ತು. ಲಿಫ್ಟ್ ರಿಪೇರಿಯ ಕೆಲಸ, ಗ್ರೀಸಿನ ವಾಸನೆ, ಹೊಸದಾಗಿ ಗಿಡ್ಡ ಮಾಡಿಸಿದ ಕೂದಲು. “ಅಕ್ಕ, ಒಂದ್ನಿಮಿಷ ನಲ್ಲಿ ನಿಲ್ಸು. ನಾನು ಹುಡುಗಿ ಅಲ್ಲ ಕಣೆ. ಯಾವತ್ತೂ ಆಗಿರ್ಲಿಲ್ಲ.” ನಲ್ಲಿ ನಿಲ್ಲಿಸಿದಳು. ಕೈಯಲ್ಲಿ ನಾರು, ನೊರೆ ಮೊಣಕೈಗೆ ಇಳಿಯುತ್ತಿತ್ತು. ಹನ್ನೆರಡು ವರ್ಷದಿಂದ ಇದನ್ನೇ ಓದಿ, ಇದನ್ನೇ ಬರೆದು, ನಾಲ್ಕು ಊರುಗಳ ವೇದಿಕೆಗಳಲ್ಲಿ ಇದರ ಬಗ್ಗೆಯೇ ಮಾತಾಡಿ ಚಪ್ಪಾಳೆ ತಟ್ಟಿಸಿಕೊಂಡಿದ್ದ ಅವಳ ಬಾಯಿಂದ ಬಂದದ್ದು, “ನಿನಗೆ ಹೀಗನ್ನಿಸೋಕೆ ಶುರುವಾಗಿ ಎಷ್ಟು ಕಾಲ ಆಯ್ತು?”

ಗುಂಡು ಅವಳ ಮುಖವನ್ನೇ ನೋಡಿತು. “ಅಕ್ಕ, ಅದು ನಿನ್ನ ಹನ್ನೊಂದನೇ ಪ್ರಶ್ನೆ.”

ಹೌದು, ಹನ್ನೊಂದನೆಯದೇ. ಮೊದಲ ಸುತ್ತು ಆಗಷ್ಟೇ ಮುಗಿದಿತ್ತು, ತಲೆಯೊಳಗೆ ಪ್ರಶ್ನಾವಳಿಯೇ ಓಡುತ್ತಿತ್ತು. ಇದನ್ನು ಸಾವಿರ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ, ಒಂದು ಸಲವೂ ನಂಬಿಲ್ಲ. ಆಮೇಲಾದರೂ ನೊರೆ ತೊಳೆದುಕೊಂಡು ಆ ಗಿಡ್ಡ ಕೂದಲಿನ ಮೇಲೆ ಕೈಯಿಡಬಹುದಿತ್ತು. ಒಳಗೆ ಅಮ್ಮ, ಎರಡು ಕಣ್ಣಿಗೂ ಪೊರೆ ಬಂದು ಗೋಡೆ ಹಿಡಿದು ನಡೆಯುತ್ತಿದ್ದ ಅಮ್ಮ, “ಯಾರೇ ಅದು, ಗುಂಡೂನಾ?” ಎಂದು ಕೂಗಿದಳು. ಅವಳಿಗೆ ಆಗ ಹೊಳೆದದ್ದು ಒಂದೇ, ಸದ್ಯ, ಅಮ್ಮನಿಗೆ ಈ ಕೂದಲು ಕಾಣುವುದಿಲ್ಲ. ದನಿ ತಗ್ಗಿಸಿ, “ಸ್ವಲ್ಪ ತಡಿ. ಅಮ್ಮನ ಕಣ್ಣಿನ ಆಪರೇಷನ್ ಮುಗೀಲಿ. ಆಮೇಲೆ ಕೂತು ಮಾತಾಡೋಣ” ಎಂದಳು. ಗುಂಡು ಸರಿ ಎಂದಿತು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸರಿ ಎಂದಿತು, ಅಮ್ಮನ ಪಕ್ಕ ಹತ್ತು ನಿಮಿಷ ಕೂತಿತು, ಹೊರಟಿತು. ಆಪರೇಷನ್ನಿನ ದಿನ ಆಸ್ಪತ್ರೆಗೆ ಬಂದು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಮ್ಮನ ಕೈ ಹಿಡಿದುಕೊಂಡು ಮಧ್ಯಾಹ್ನದವರೆಗೆ ಇತ್ತು. ಮಾರನೆಯ ದಿನ ಪಟ್ಟಿ ಬಿಚ್ಚುವಾಗ ಇರಲಿಲ್ಲ. ಆಮೇಲೆ ಮನೆಗೇ ಬಂದಿಲ್ಲ. ಪಾಳಿಯ ಕೆಲಸ, ರಜೆ ಇಲ್ಲ, ದೂರ, ಮುಂದಿನ ವಾರ. ಅಮ್ಮ ಪ್ರತಿ ಭಾನುವಾರ ಹೊಸ ಕಣ್ಣಿನಿಂದ ಗೇಟನ್ನು ನೋಡುತ್ತಾಳೆ. ಅಕ್ಕನಾದ ಅವಳೂ ಮಾತೆತ್ತಲಿಲ್ಲ. ಗುಂಡು ತಾನಾಗಿ ಕೇಳಿದರೆ ಮಾತಾಡೋಣ ಎಂದು ಬಿಟ್ಟಳು. ಕೇಳದಿದ್ದಾಗ, ಎಲ್ಲ ಸರಿಹೋಗಿರಬೇಕು ಎಂದುಕೊಂಡಳು. ಸರಿಹೋಗಿರಬೇಕು! ಅಧ್ಯಯನ ಮಾಡುವವಳ ಮಾತು ಇದು.

ಎರಡನೆಯ ಹಾಳೆಯ ಕೊನೆಯ ಪ್ರಶ್ನೆ. ‘ಇನ್ನೇನಾದರೂ ಹೇಳುವುದಿದ್ದರೆ.’ ಕೆಳಗೆ ಆರು ಖಾಲಿ ಗೆರೆಗಳು. ಮೊದಲ ಗೆರೆಯ ಮೇಲೆ, ಒರಸಿದ ಶಾಯಿಯಲ್ಲಿ, ಒಂದೇ ಸಾಲು.

‘ಅಮ್ಮನ ಕಣ್ಣಿನ ಆಪರೇಷನ್ ಮುಗಿದು ಏಳು ತಿಂಗಳಾಯಿತು.’

ಬೇರೆ ಯಾರು ಓದಿದರೂ ಇದೇನು ಸಂಬಂಧವಿಲ್ಲದ ಮಾತು ಎಂದುಕೊಳ್ಳುವ ಸಾಲು. ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ ಅರ್ಥವಾಗುವ ಸಾಲು, ಅವಳು ಓದಿಯೇ ಓದುತ್ತಾಳೆ ಎಂದು ನಂಬಿ ಬರೆದದ್ದು. ಕೇಂದ್ರದ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಪೆಟ್ಟಿಗೆಯಲ್ಲಿ ಇಳಿಸಿ ಐದು ತಿಂಗಳಾಗಿದೆ. ಐದು ತಿಂಗಳು ಅದು ಕಕ್ಕಸಿನ ಸಿಂಕಿನಲ್ಲಿತ್ತು, ಅವಳೇ ಕಟ್ಟಿಸಿದ ಕಟ್ಟಿನಲ್ಲಿ, ಅವಳದೇ ಚೀಟಿಯ ಕೆಳಗೆ. ಅವಳು ಅಳಲಿಲ್ಲ. ಅಳುವುದಕ್ಕೂ ಸಿಟ್ಟು ಬಿಡುತ್ತಿರಲಿಲ್ಲ. ಆ ದಾರದ ಮೇಲೆ, ಚೀಟಿಯ ಮೇಲೆ, ‘ತಕ್ಕದ್ದು’ ಎಂದು ಬರೆದ ಕೈಯ ಮೇಲೆ ಸಿಟ್ಟು. ಯಾರೋ ಬಾಗಿಲ ಹಿಡಿಯನ್ನು ಒಮ್ಮೆ ತಿರುಗಿಸಿ, ಒಳಗೆ ಯಾರೋ ಇದ್ದಾರೆಂದು ತಿಳಿದು ಹೋದರು. ಈ ಕೋಣೆಯನ್ನು ಅದು ಇರುವ ಉದ್ದೇಶಕ್ಕೆ ಬಳಸಲು ಒಬ್ಬರು ಪ್ರಯತ್ನಿಸಿದ್ದು ಬಹುಶಃ ಅದೇ ಮೊದಲು.

ಮೇಡಂ ಕೋಣೆಯಲ್ಲಿ ದಶಮಾಂಶ ಕೂತಿದ್ದರು. ಅವರು ವಿಭಾಗದ ಸಂಖ್ಯಾಶಾಸ್ತ್ರಜ್ಞರು. ಕಾಫಿಗೆ ಎಷ್ಟು ಸಕ್ಕರೆ ಎಂದರೂ ಒಂದೂವರೆ ಎನ್ನದೆ ಒಂದು ಬಿಂದು ಐದು ಎನ್ನುವುದರಿಂದ ಆ ಹೆಸರು. ಹತ್ತೊಂಬತ್ತು ಮಂದಿಯನ್ನು ವಾಪಸು ಸೇರಿಸಬೇಕು ಎಂದು ಅವಳು ನಿಂತುಕೊಂಡೇ ಹೇಳಿದಳು. ಏಕೆಂದು ವಿವರಿಸಿದಳು. ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅವರಿಗೆ ಅರ್ಥವಾಗಲು ಎರಡು ವಾಕ್ಯ ಸಾಕಾಯಿತು, ಅದು ಅವಳಿಗೆ ಇನ್ನೂ ಕಷ್ಟವಾಯಿತು.

“ಛೆ,” ಎಂದರು ಮೇಡಂ. “ನಮಗೇನಾಗಿತ್ತು?” ಆಮೇಲೆ ಗೋಡೆಯ ಗಡಿಯಾರ ನೋಡಿದರು. “ಆದ್ರೆ ಇವತ್ತೇ ಯಾಕಮ್ಮ ನಿನಗೆ ಜ್ಞಾನೋದಯ? ಐದು ತಿಂಗಳು ಎಲ್ಲಿಗೆ ಹೋಗಿತ್ತು?”

ದಶಮಾಂಶ ಆಗಲೇ ಕೀಲಿಮಣೆ ಒತ್ತುತ್ತಿದ್ದರು. “ಹಾಕಿದ್ರೆ ಸುಧಾರಣೆ ಹೋಗುತ್ತೆ,” ಎಂದರು, ತಲೆಯೆತ್ತದೆ. “ಈಗ ಗಣನೀಯ. ಈ ಹತ್ತೊಂಬತ್ತು ಸೇರಿದ್ರೆ ಗಣನೀಯ ಅಲ್ಲ. ಇವರ ಅಂಕ ಬಹಳ ಕೆಳಗಿದೆ. ಎಲ್ಲರಿಗಿಂತ ಕೆಳಗೆ.”

ಎಲ್ಲರಿಗಿಂತ ಕೆಳಗೆ ಎಂಬ ಮಾತನ್ನು ಅವರು ಮಳೆ ಬರಬಹುದು ಎನ್ನುವ ಹಾಗೆ ಹೇಳಿದರು. ತಪ್ಪು ಅವರದಲ್ಲ.

“ಸುಧಾರಣೆ ಕಾಣ್ಲಿಲ್ಲ ಅಂದ್ರೆ ದುಡ್ಡು ಕೊಡೋರು ಆ ಕೇಂದ್ರಾನೇ ಮುಚ್ಚಿಬಿಡ್ತಾರೆ,” ಎಂದರು ಮೇಡಂ. “ಆಗ ಈ ಜನ ಎಲ್ಲಿಗೆ ಹೋಗ್ಬೇಕು? ಅದನ್ನ ಯೋಚ್ನೆ ಮಾಡಿದ್ಯಾ?” ಮೇಡಂ ಸುಳ್ಳು ಹೇಳುತ್ತಿರಲಿಲ್ಲ. ಆ ಕೇಂದ್ರಕ್ಕಾಗಿ ಹದಿನೈದು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು, ಎಷ್ಟೋ ಜನರಿಂದ ಏನೇನೋ ಅನ್ನಿಸಿಕೊಂಡವರು. ಅವರ ಎದುರು ನಿಂತು ನ್ಯಾಯ ಮಾತಾಡುವ ಯೋಗ್ಯತೆ ತನಗಿದೆಯೇ ಎಂದು ಅವಳಿಗೇ ಅನುಮಾನ. ಆದರೂ ನಿಂತೇ ಇದ್ದಳು. “ಎಲ್ಲರಿಗಿಂತ ಕೆಳಗಿರೋರನ್ನ ಬಿಟ್ಟು ಎಲ್ಲರೂ ಚೆನ್ನಾಗಿದ್ದಾರೆ ಅಂತ ಬರೆದು, ಅವರಿಗೋಸ್ಕರ ಬರ್ದಿದ್ದೀವಿ ಅಂತೀರಾ ಮೇಡಂ? ನಿಯಮ ನಂದು. ನಾನೇ ಹೊಡೆದುಹಾಕ್ತೀನಿ. ಆಗಲ್ಲ ಅಂದ್ರೆ ನನ್ನ ಹೆಸರು ತೆಗೀರಿ.” ದನಿ ಏರಿತ್ತು. ಹೊರಗೆ ಟೈಪಿನ ಸದ್ದು ನಿಂತಿತು.

ಮೇಡಂ ಅವಳ ಕೈಯಲ್ಲಿದ್ದ ಮುರಿದ ಉಗುರನ್ನು ನೋಡಿದರು, ಮುಖ ನೋಡಿದರು. ಮೆತ್ತಗೆ ಕೇಳಿದರು. “ಇದ್ರಲ್ಲಿ ನಿನಗೆ ಗೊತ್ತಿರೋರು ಯಾರಾದ್ರೂ ಇದಾರಾ?”

ಹೌದು ಎಂದರೆ, ಯಾರಿಗೂ ತಿಳಿಯಬಾರದೆಂದು ಮಾತು ಕೊಟ್ಟು ಬರೆಸಿಕೊಂಡ ಹಾಳೆಯ ಗುಟ್ಟು ಬಯಲಾಗುತ್ತದೆ. ಬಯಲು ಮಾಡುವ ಹಕ್ಕು ಅವಳದಲ್ಲ. “ಇಲ್ಲ,” ಎಂದಳು. ನಿಯಮದ ಪ್ರಕಾರ ಅದೇ ಸರಿಯಾದ ಉತ್ತರ. ಇಷ್ಟು ಸರಿಯಾದ ಉತ್ತರವನ್ನು ಹೇಳಿ ಇಷ್ಟು ಹೇಸಿಗೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಮೇಡಂ ಕನ್ನಡಕ ಹಾಕಿಕೊಂಡರು. “ಎರಡೂ ಕೋಷ್ಟಕ ಹಾಕ್ರಿ,” ಎಂದರು ದಶಮಾಂಶರಿಗೆ, ಸಿಡಿಮಿಡಿಯಿಂದ. “ಅವರನ್ನ ಬಿಟ್ಟು ಒಂದು, ಸೇರಿಸಿ ಒಂದು. ಸೇರಿಸಿದ್ದು ಮೊದ್ಲು ಬರ್ಲಿ. ಏನು ಹೇಳ್ಬೇಕೋ ಸಭೇಲಿ ನಾನು ಹೇಳ್ತೀನಿ, ಬೈಸ್ಕೊಳ್ಳೋದು ನನಗೇನು ಹೊಸದಲ್ಲ. ನೀನು ಹೋಗು, ಮುಖ ತೊಳ್ಕೋ.”

ಮುಖ ತೊಳೆಯಲು ಅವಳು ‘ಎಲ್ಲರಿಗೂ’ ಕೋಣೆಗೇ ಹೋದಳು. ಅಲ್ಲಿ ಈಗ ಖಾಲಿ ಸಿಂಕಿತ್ತು. ನೀರು ತುಕ್ಕಿನ ಬಣ್ಣದಲ್ಲಿ ಬಂತು, ಆಮೇಲೆ ತಿಳಿಯಾಯಿತು. ಫೋನ್ ತೆಗೆದು ಗುಂಡುವಿನ ನಂಬರು ಒತ್ತಿದಳು. ಹಾಳೆ ಓದಿದ್ದನ್ನು ಹೇಳಬಾರದು, ಹೇಳಿದರೆ ನಿಯಮ ಮುರಿದಂತೆ ಎಂದು ಆರು ರಿಂಗಿನವರೆಗೂ ಯೋಚಿಸುತ್ತಿದ್ದಳು. ಏಳನೆಯದಕ್ಕೆ ಎತ್ತಿದಾಗ ಲಿಫ್ಟಿನ ಕೊರಕಲಿನ ಮಾರ್ದನಿ, ಎಲ್ಲೋ ಕೆಳಗೆ ಸ್ಪ್ಯಾನರ್ ಬಿದ್ದ ಸದ್ದು.

“ಏನಕ್ಕ? ಅಮ್ಮ ಹುಷಾರಾಗಿದಾಳಾ?” ದನಿ ಒಡೆದು ದಪ್ಪವಾಗಿತ್ತು. ಎಷ್ಟು ತಿಂಗಳಿಂದ ಹೀಗಿದೆಯೋ. ಪ್ರತಿ ಸಲ ಫೋನನ್ನು ಅಮ್ಮನ ಕೈಗೆ ಕೊಟ್ಟು ತಾನು ಎದ್ದುಹೋಗುತ್ತಿದ್ದಳಲ್ಲ. ನೆಗಡಿ ಎಂದು ಅಮ್ಮ ಕಷಾಯ ಹೇಳಿಕೊಡುತ್ತಿದ್ದಳು.

“ಹುಷಾರಾಗಿದಾಳೆ. ನೀನು ಬರ್ದಿದ್ದು ಓದಿದೆ.”

“ಓದಿರ್ತೀಯ ಅಂತ ಗೊತ್ತಿತ್ತು,” ಎಂದ ಗುಂಡು. “ಹಾಕಿದ ಮೇಲೆ ಒಂದು ತಿಂಗ್ಳು ದಿನಾ ಫೋನ್ ನೋಡ್ದೆ. ಆಮೇಲೆ, ಅಕ್ಕ ಓದಿದಾಳೆ, ಓದಿಯೇ ಸುಮ್ಮನಿದಾಳೆ ಅಂದ್ಕೊಂಡೆ. ಪರ್ವಾಗಿಲ್ಲ ಬಿಡು.”

ಹಾಗೆಂದೇ ಬಿಟ್ಟುಬಿಡಬಹುದಿತ್ತು. ಓದಿ, ಧೈರ್ಯ ಸಾಲದೆ ಸುಮ್ಮನಿದ್ದ ಅಕ್ಕ ಒಬ್ಬಳು. ಓದದೆಯೇ ಕಸಕ್ಕೆ ಹಾಕಿದ ಅಕ್ಕ ಇನ್ನೊಬ್ಬಳು. ಇವರಲ್ಲಿ ಯಾರು ಕಡಿಮೆ ಕೆಟ್ಟವಳು ಎಂದು ಅಳೆಯುವ ಪ್ರಶ್ನಾವಳಿ ಅವಳ ಹತ್ತಿರ ಇರಲಿಲ್ಲ. “ಇಲ್ಲ ಕಣೋ,” ಎಂದಳು. “ಓದಿರ್ಲಿಲ್ಲ. ಇವತ್ತು ಓದಿದ್ದು. ಮೊದ್ಲು ಒಂದು ಬರ್ದು ಆಮೇಲೆ ಇನ್ನೊಂದು ಬರ್ದೋರನ್ನೆಲ್ಲ ತಪ್ಪು ಬರ್ದಿದಾರೆ ಅಂತ ತೆಗೆದುಹಾಕ್ಬೇಕು ಅಂತ ನಾನೇ ನಿಯಮ ಮಾಡಿದ್ದೆ. ಹತ್ತೊಂಬತ್ತು ಜನಾನ ತೆಗೆದೆ. ಅದ್ರಲ್ಲಿ ನೀನೂ ಹೋದೆ.”

ಆ ಕೊರಕಲೆಲ್ಲ ತುಂಬುವ ಹಾಗೆ ನಗು, ಚಿಕ್ಕಂದಿನ ಅದೇ ಬಿಕ್ಕಳಿಕೆಯ ನಗು, ಹೊಸ ದನಿಯಲ್ಲಿ. “ಅಯ್ಯೋ ನಿನ್ನ! ಅದನ್ನ ನೋಡೋಕೇ ಅಲ್ವೇನೆ ನೀವು ಕೂತಿದ್ದಿದ್ದು?” ನಕ್ಕ, ಇನ್ನೂ ನಕ್ಕ, ಯಾವಾಗ ನಗುವುದನ್ನು ನಿಲ್ಲಿಸಿದ ಎಂದು ಅವಳಿಗೆ ತಿಳಿಯಲಿಲ್ಲ. ಅವಳು ಏನೂ ಕೇಳದೆ ಕಾದಳು. ಹನ್ನೊಂದನೆಯದಿರಲಿ, ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಮೂಗೊರಸಿಕೊಂಡ ಸದ್ದಾಯಿತು.

“ಸಂಜೆ ಮನೆಗೆ ಬಾ,” ಎಂದಳು.

“ಅಮ್ಮ ಇರ್ತಾಳಾ?”

“ಇರ್ತಾಳೆ.”

“ಅಕ್ಕ, ನನಗೆ ಸ್ವಲ್ಪ ಮೀಸೆ ಬಂದಿದೆ. ತೆಳ್ಳಗೆ. ಅವಳಿಗೆ ಈಗ ಎಲ್ಲಾ ಕಾಣುತ್ತೆ.”

“ಕಾಣ್ಲಿ,” ಎಂದಳು.